ಎದೆಗೆ ಕಟ್ಟುವ ಹೋಲ್‌ಸ್ಟರ್

ಕೋಡಿಯಾಕ್ ದ್ವೀಪದಲ್ಲಿ ಕಾಡುಹಣ್ಣು ಕೀಳುವುದು ಇಬ್ಬರ ಕೆಲಸ. ಒಬ್ಬರು ಬಗ್ಗಿ ಕೀಳಬೇಕು, ಇನ್ನೊಬ್ಬರು ಅವರ ಕಡೆ ಬೆನ್ನು ಮಾಡಿ ನಿಂತು ಕರಡಿ ಬರದ ಹಾಗೆ ಕಾಯಬೇಕು. ಆನಿಸಿಯಾ ಮದುವೆಯಾಗಿ ಬಂದಾಗಿನಿಂದ ಕೀಳುವವಳು ಅವಳು, ಕಾಯುವವನು ಗಂಡ ಲಾವ್ರೆಂಟಿ. ಆ ಮನುಷ್ಯ ಹೋದ ತಿಂಗಳು ಮೀನಿಗೆ ಹೊಗೆ ಹಾಕುವ ಗುಡಿಸಲಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲೇ ಇಲ್ಲ.

ಈ ಭಾನುವಾರ ಅವನ ನಲವತ್ತನೆಯ ದಿನದ ಪೂಜೆ. ಸತ್ತವರ ಆತ್ಮ ಈ ಲೋಕ ಬಿಟ್ಟು ಹೊರಡುವುದು ಅವತ್ತೇ ಅಂತ ಅವರ ನಂಬಿಕೆ. ಪಾದ್ರಿ ಬರುತ್ತಾರೆ, ಊರೆಲ್ಲ ಊಟಕ್ಕೆ ಬರುತ್ತದೆ. ಹೊಳೆದಂಡೆಯ ಕಿತ್ತಳೆ ಬಣ್ಣದ ಹಣ್ಣಿನ ಮುರಬ್ಬ ಅಂದರೆ ಅವನು ಪ್ರಾಣ ಬಿಡುತ್ತಿದ್ದ. ಅದನ್ನು ಬಡಿಸದೆ ಅವನನ್ನು ಕಳಿಸಿಕೊಡುವುದು ಆನಿಸಿಯಾಳಿಂದ ಆಗದ ಮಾತು. ಯಾರನ್ನಾದರೂ ಜೊತೆಗೆ ಕರೆಯೋಣ ಅಂದರೆ, ಅಂಗಡಿ ಬಿಡಲಾಗದ ಅಕೀಮನೊಬ್ಬನನ್ನು ಬಿಟ್ಟು ಗಂಡಸರೆಲ್ಲ ದೋಣಿ ಹತ್ತಿ ಸಮುದ್ರದ ಮೇಲಿದ್ದಾರೆ. ಲಾವ್ರೆಂಟಿಯ ತಂಗಿ ಮತ್ರೋನಾಳನ್ನು ಕೇಳಿದ್ದಕ್ಕೆ, ಅಂಗಡಿಯ ಡಬ್ಬಿ ತಂದು ಬಡಿಸಿದರೆ ಸತ್ತವನಿಗೇನು ಗೊತ್ತಾಗುತ್ತದೆ ಅಂದುಬಿಟ್ಟಳು. ಅಣ್ಣನ ವಿಷಯದಲ್ಲಿ ಆಡುವ ಮಾತೇ ಅದು! ಅವತ್ತಿನಿಂದ ಅತ್ತಿಗೆ ನಾದಿನಿ ಮುಖ ತಿರುಗಿಸಿಕೊಂಡೇ ಓಡಾಡುತ್ತಿದ್ದರು.

ಕೊನೆಗೆ ಆನಿಸಿಯಾ ಗಂಡನ ದೊಡ್ಡ ರಿವಾಲ್ವರನ್ನೂ ಅದನ್ನಿಟ್ಟು ಅವನು ಸೊಂಟಕ್ಕೆ ಕಟ್ಟುತ್ತಿದ್ದ ಚರ್ಮದ ಒರೆ, ಹೋಲ್‌ಸ್ಟರನ್ನೂ ಎತ್ತಿಕೊಂಡು ಅಕೀಮನ ಬಂದೂಕಿನ ಅಂಗಡಿಗೆ ಹೋದಳು. ಅಕೀಮ ಲಾವ್ರೆಂಟಿಯ ಓರಗೆಯವನು. ಬೆಲ್ಟಿಗೆ ಇನ್ನೊಂದು ತೂತು ಹಾಕಿಕೊಟ್ಟರೆ ಸಾಕು ಅಂತ ಅವಳು ಕೇಳಿದಳು.

ಅಕೀಮ ಮೊದಲು ಗುಂಡುಗಳನ್ನು ತೆಗೆದಿಟ್ಟ. ಆಮೇಲೆ ಮಳೆಕೋಟು ಹಾಕಿಸಿ, ಬೆಲ್ಟು ಕಟ್ಟಿಸಿ, ಪೊದೆಯ ಮುಂದೆ ಬಗ್ಗುವ ಹಾಗೆ ಬಗ್ಗು ಅಂದ. ಬಗ್ಗಿದಳು. ರಿವಾಲ್ವರಿನ ಹಿಡಿ ಪಕ್ಕೆಗೆ ಒತ್ತಿತು, ಕೋಟಿನ ಅಂಚು ಅದನ್ನು ಪೂರ್ತಿ ಮುಚ್ಚಿಕೊಂಡಿತು. ಹೊರಗೆ ಎಳೆಯಲು ಅವಳು ತಡಕಾಡುವುದನ್ನು ನೋಡಿ, ಅಷ್ಟರಲ್ಲಿ ಕರಡಿ ಉಂಡು ಬಾಯಿ ಒರೆಸಿಕೊಂಡಿರುತ್ತದೆ ಅಂತ ನಗಿಸಲು ನೋಡಿದ. ಅವಳು ನಗಲಿಲ್ಲ.

"ಇದು ನಿಂತು ಕಾಯೋನಿಗೆ ಸರಿ ಕಣಮ್ಮ. ನೀನು ಬಗ್ಗೋಳು," ಅಂದ ಅಕೀಮ. "ಒಬ್ಳೇ ಹೋಗ್ತೀಯಾ? ಜೊತೇಲಿ ಯಾರಾದ್ರೂ ಇರ್ತಾರಾ?"

"ನಾವು..." ಅಂದವಳು ಅಲ್ಲೇ ನಿಲ್ಲಿಸಿದಳು. ಅವಸರ ಮಾಡುವ ಜಾತಿಯಲ್ಲ ಅಕೀಮ, ಬೆಲ್ಟು ಬಿಚ್ಚಿಸಿ ಸುತ್ತಿಡತೊಡಗಿದ.

"ಒಬ್ಳೇ, ಅಣ್ಣ."

ಮಣ್ಣು ಮಾಡಿದ ದಿನವೂ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ. ಈಗ ಮದ್ದುಗುಂಡಿನ ಡಬ್ಬಿಗಳ ನಡುವೆ ನಿಂತು ಹೇಳಬೇಕಾಯಿತು.

ಅಕೀಮ ಕಂಕುಳಿನ ಕೆಳಗೆ ಕೂರುವ ಹೋಲ್‌ಸ್ಟರೊಂದನ್ನು ತೋರಿಸಿದ. ಕೋಟಿನ ಒಳಗೆ ಸೇರಿಕೊಂಡರೆ ಅದೂ ದಂಡವೇ ಅಂತ ತಾನೇ ಪಕ್ಕಕ್ಕಿಟ್ಟ. ಆಮೇಲೆ ಎದೆಗೆ ಕಟ್ಟುವುದನ್ನು ತಂದು, ಕೋಟಿನ ಮೇಲಿಂದ ಪಟ್ಟಿ ಹಾಯಿಸಿ ಬಿಗಿದ. ಸರಿಹೋಗದಿರಲಿ, ದೇವರೇ, ಸರಿಹೋಗದಿರಲಿ ಅಂತ ಆನಿಸಿಯಾಳ ಮನಸ್ಸು ಬೇಡಿಕೊಳ್ಳುತ್ತಿತ್ತು. ಸರಿಹೋದರೆ ಇನ್ನು ತಾನು ಒಬ್ಬಳೇ ಅಂತ ಒಪ್ಪಿಕೊಂಡ ಹಾಗೆ. ಹಾಳಾದ್ದು, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಎಷ್ಟು ಬಗ್ಗಿದರೂ ಎಲ್ಲೂ ಒತ್ತಲಿಲ್ಲ, ಕೈ ನೆಟ್ಟಗೆ ಹಿಡಿಯ ಮೇಲೇ ಬಿತ್ತು. ಅದನ್ನೇ ತೆಗೆದುಕೊಂಡು ಬಂದಳು.

ಮಾರನೆಯ ದಿನ ಹೊಳೆದಂಡೆಯಲ್ಲಿ ಕೈಗಳೇನೋ ಎರಡೂ ಖಾಲಿ ಇದ್ದವು, ಆದರೆ ಕೆಲಸ ಸಾಗಬೇಕಲ್ಲ. ಎರಡು ಹಣ್ಣು ಕೀಳುವಳು, ತಿರುಗಿ ನೋಡುವಳು. ಮತ್ತೆರಡು ಕೀಳುವಳು, ಮತ್ತೆ ತಿರುಗುವಳು. ಬಿಸಿಲು ನೆತ್ತಿಗೆ ಬಂದರೂ ಬಕೆಟಿನ ತಳ ಮುಚ್ಚಿರಲಿಲ್ಲ.

ಅಷ್ಟರಲ್ಲಿ ಕಾಲುದಾರಿಯಿಂದ ಕೂಗು ಕೇಳಿಸಿತು. "ನಾನು ಕಣೇ ಅತ್ತಿಗೆ, ಗುಂಡು ಹೊಡೆದುಬಿಟ್ಟೀಯ!" ಮತ್ರೋನಾ. ಅಕೀಮ ಮನೆಗೇ ಹೋಗಿ ಅವಳಿಗೆ ಚೆನ್ನಾಗಿ ಬೈದು ಬಂದಿದ್ದನಂತೆ. ಬಂದವಳು ಬಕೆಟ್ ಇಣುಕಿ, ಹೀಗೆ ಕಿತ್ತರೆ ಅಣ್ಣನ ವರ್ಷದ ಪೂಜೆಗೂ ಮುರಬ್ಬ ಆಗುವುದಿಲ್ಲ ಅಂದಳು. ಆ ಫಿರಂಗಿ ಹಿಡಿಯುವುದು ತನಗೆ ಬರದು, ನೀನು ನಿಂತುಕೋ ಅಂತ ಬಕೆಟ್ ಕಿತ್ತುಕೊಂಡು ಬಗ್ಗಿಯೇಬಿಟ್ಟಳು.

ಆನಿಸಿಯಾ ಅವಳ ಕಡೆ ಬೆನ್ನು ಮಾಡಿ ನಿಂತಳು. ಎದುರಿಗೆ ಆಳೆತ್ತರದ ಪೊದೆಗಳು. ಎಲೆ ಅಲ್ಲಾಡಿದರೆ ಗಾಳಿಯೋ ಕರಡಿಯೋ, ನೀರು ಸದ್ದು ಮಾಡಿದರೆ ಮೀನೋ ಹೆಜ್ಜೆಯೋ, ಒಂದೊಂದನ್ನೂ ಕಿವಿಗೊಟ್ಟು ಕೇಳಬೇಕು. ಹಿಂದಿನಿಂದ ಮತ್ರೋನಾಳ ಮಾತಿಗೆ ಬಿಡುವೇ ಇಲ್ಲ. ಅಳಿಯನ ದೋಣಿಯಂತೆ, ಪಾದ್ರಿಯ ಕೆಮ್ಮಂತೆ, ಇನ್ನೇನೋ. ಆನಿಸಿಯಾಳ ತಲೆಗೆ ಒಂದು ಅಕ್ಷರವೂ ಇಳಿಯಲಿಲ್ಲ.

"ಕೇಳಿಸ್ತಾ, ಅತ್ತಿಗೆ?"

"ಹೂಂ," ಅಂದಳು.

ಅಂದ ಮೇಲೆ ಗೊತ್ತಾಯಿತು, ಅದು ಲಾವ್ರೆಂಟಿಯ ಹೂಂ. ಇಷ್ಟು ವರ್ಷ ಇದೇ ಜಾಗದಲ್ಲಿ ಹಣ್ಣು ಕೀಳುತ್ತಾ ಅವಳು ಮನಸ್ಸಿನಲ್ಲಿದ್ದದ್ದೆಲ್ಲ ಆಡುತ್ತಿದ್ದಳು, ಅವನು ಬೆನ್ನು ತಿರುಗಿಸಿಕೊಂಡು ಹೂಂ ಅನ್ನುತ್ತಿದ್ದ. ನಿನ್ನ ಹತ್ತಿರ ಆಡುವುದೂ ಒಂದೇ, ಗೋಡೆಯ ಹತ್ತಿರ ಆಡುವುದೂ ಒಂದೇ ಅಂತ ಎಷ್ಟು ಸಲ ಚುಚ್ಚಿದ್ದಾಳೆ. ಮನೆಯವರೆಗೂ ಮಾತು ಬಿಟ್ಟು ನಡೆದಿದ್ದಾಳೆ. ಅವನು ಒಂದು ದಿನವೂ ಎದುರಾಡಲಿಲ್ಲ. ಅವಳನ್ನು ಬದುಕಿಸಿಕೊಳ್ಳುವುದಕ್ಕೆ ಆ ಕಿವಿ ಈ ಪೊದೆಗಳ ಮೇಲಿತ್ತು, ಅವಳಿಗಾಗಿ ಮಿಕ್ಕಿದ್ದು ಆ ಒಂದು ಹೂಂ. ಹೇಳಬಾರದಾಗಿತ್ತೇ, ಮಾರಾಯ! ಈಗ ತಪ್ಪಾಯಿತು ಅನ್ನೋಣ ಅಂದರೆ ಕೇಳುವುದಕ್ಕೆ ಯಾರಿದ್ದಾರೆ?

ಕಣ್ಣು ತುಂಬಿ ಪೊದೆಗಳು ಕಲಸಿಹೋದವು. ಹಿಂದೆ ಮತ್ರೋನಾ ಇನ್ನೂ ಬಗ್ಗಿಯೇ ಇದ್ದಳು. ಆನಿಸಿಯಾ ತೋಳಿನಿಂದ ಗಸಗಸ ಕಣ್ಣೊರೆಸಿಕೊಂಡಳು. ಕಾಯುವವರು ಅಳುತ್ತಾ ನಿಲ್ಲುವ ಹಾಗಿಲ್ಲ. ಬಕೆಟ್ ತುಂಬುವವರೆಗೂ ಅವಳು ಅಳಲಿಲ್ಲ.