ಒಣಹಾಕಿದ ನಿಲುವಂಗಿ

"ಹಾಸಿಗೆ ಯಾಕೆ ಸುತ್ತಿದೀಯೇ? ಎಲ್ಲಿಗೆ ಸಾಗಿಸ್ತಿದೀರ ನನ್ನ?"

ಅಫಾಫ್ ಆಗಷ್ಟೇ ಬಿಗಿದಿದ್ದ ಗಂಟನ್ನು ಅತ್ತೆ ತಫೀದಾ ಬಿಚ್ಚಿ ಕೂತಿದ್ದರು. ದಿಂಬುಗಳು ನೆಲದ ಮೇಲೆ ಉರುಳಿದ್ದವು.

"ಸಮುದ್ರಕ್ಕೆ, ಅತ್ತೆ. ರಾಸ್ ಅಲ್-ಬರ್‌ಗೆ. ಪ್ರತಿವರ್ಷ ಹೋಗಲ್ವಾ? ನಾಕು ದಿನ ಇದ್ದು ಬಂದ್ಬಿಡೋದು."

"ಅವರೂ ಹಂಗೇ ಅಂದಿದ್ರು," ಎಂದು ಅತ್ತೆ ಒಂದು ದಿಂಬನ್ನು ಎದೆಗವಚಿಕೊಂಡರು.

ಯಾರು ಎಂದು ಅಫಾಫ್‌ಗೆ ಗೊತ್ತಿತ್ತು. ಅತ್ತೆ ಸುಯೆಜ್‌ನವರು. ಯುದ್ಧದ ಕಾಲದಲ್ಲಿ ಸರ್ಕಾರ ಕಾಲುವೆ ಬದಿಯ ಊರುಗಳನ್ನು ಖಾಲಿ ಮಾಡಿಸಿದಾಗ ಇನ್ನೂ ಹುಡುಗಿ. ಕೆಲವೇ ದಿನ ಎಂದು ಹೊರಟ ಸಂಸಾರ ಮರಳುವಷ್ಟರಲ್ಲಿ ಆ ಮನೆಯೇ ಇರಲಿಲ್ಲ. ಇಷ್ಟು ವರ್ಷ ಅದರ ಮಾತೆತ್ತಿದವರಲ್ಲ ಅತ್ತೆ. ಈಗ ಮರೆವು ಹೆಚ್ಚಾಗಿ, ಬೆಳಿಗ್ಗೆ ತಿಂದದ್ದು ಸಂಜೆಗೆ ನೆನಪಿಲ್ಲದಿದ್ದರೂ ಅದೊಂದು ಮಾತ್ರ ಮೇಲೆದ್ದು ಬಂದಿತ್ತು.

ಸಮುದ್ರಕ್ಕೆ ಹೊರಡುವುದೆಂದರೆ ಕೈರೋದ ಅವರ ಬೀದಿಯಲ್ಲಿ ಅರ್ಧ ಮನೆಯನ್ನೇ ಹೊರುವುದು. ಬಾಡಿಗೆ ಮನೆಯವರ ಹಾಸಿಗೆಯಲ್ಲಿ ಮಲಗಿ, ಅವರ ಪಾತ್ರೆಯಲ್ಲಿ ಬೇಯಿಸುವವಳನ್ನು ಯಾರು ತಾನೇ ಒಳ್ಳೆ ಗೃಹಿಣಿ ಎನ್ನುತ್ತಾರೆ? ಬಾಗಿಲ ಬಳಿ ಫ್ಯಾನು, ಅಕ್ಕಿ ಚೀಲ, ದೊಡ್ಡ ಪಾತ್ರೆಗಳು, ಅಕ್ಕಿ ತುಂಬಿ ಸುತ್ತಿದ ದ್ರಾಕ್ಷಿ ಎಲೆಗಳ ಡಬ್ಬಿ, ಮಗಳು ಶೈಮಾಳ ಈಜುವ ಟ್ಯೂಬು. ಕೆಳಮನೆಯ ವಾಇಲ್‌ನ ತಾಯಿ ಮೆಟ್ಟಿಲಿಂದಲೇ ಇಣುಕಿ, "ಗೋಡೆಗಳನ್ನಾದ್ರೂ ಬಿಟ್ಟು ಹೋಗ್ರಮ್ಮಾ, ಮೇಲಿನವರಿಗೆ ಆಸರೆ ಬೇಕು!" ಎಂದು ನಕ್ಕಳು.

ಅಫಾಫ್‌ಗೆ ನಗು ಬರಲಿಲ್ಲ.

ವ್ಯಾನಿನ ಮೇಲೆ ಸಾಮಾನು ಕಟ್ಟಿ ಮೇಲೆ ಬಂದ ಗಂಡ ರಿದಾ ಬಿಚ್ಚಿದ ಗಂಟನ್ನು ನೋಡಿ ಬಾಗಿಲಲ್ಲೇ ನಿಂತ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಮತ್ತೆ ಬಿಚ್ಚಿದ್ಲಾ? ಸಾಕು. ಸುಆದ್‌ಗೆ ಫೋನ್ ಮಾಡ್ತೀನಿ, ಅಮ್ಮನ್ನ ಅವಳ ಮನೇಲೇ ಬಿಟ್ಟು ಹೋಗೋಣ."

"ಹೋದ ಸಲ ನಿನ್ನ ತಂಗಿ ಮನೇಲಿ ಬಿಟ್ಟಾಗ ಏನಾಯ್ತು, ಮರ್ತೆಯಾ? ಚಪ್ಪಲಿ ಕೂಡ ಇಲ್ದೆ ಬಸ್ ನಿಲ್ದಾಣದಲ್ಲಿ ಸುಯೆಜ್ ಬಸ್ ಯಾವ್ದು ಅಂತ ಕೇಳ್ತಾ ನಿಂತಿದ್ರು. ಸಿಕ್ಕಿದ್ದೇ ನಮ್ಮ ಪುಣ್ಯ."

"ಹಂಗಂತ ತೋಳು ಹಿಡಿದು ಎಳ್ಕೊಂಡು ಹೋಗ್ಲಾ?" ಅವನು ಗದ್ದದ ಬೆವರು ಒರೆಸಿಕೊಂಡ. "ಒಂದ್ಸಲ ಎಳ್ಕೊಂಡು ಹೋಗಿದಾರಲ್ಲ, ಸಾಲ್ದಾ?"

ಅವನು ಫೋನು ತೆಗೆದು ಒಳಕೋಣೆಗೆ ಹೋದ. ಏನು ಮಾಡಲೂ ತೋಚದೆ ಅಫಾಫ್ ಬಾಲ್ಕನಿಗೆ ಹೋಗಿ ಬಟ್ಟೆ ತೆಗೆಯತೊಡಗಿದಳು. ಬೀಗ ಹಾಕಿದ ಮನೆಯ ಹಗ್ಗದಲ್ಲಿ ಬಟ್ಟೆ ಬಿಟ್ಟು ಹೋದರೆ ಬೀದಿಯೆಲ್ಲ ಆಡಿಕೊಳ್ಳುತ್ತದೆ. ಶೈಮಾಳ ಲಂಗ, ರಿದಾನ ಬನಿಯನ್ನು, ಅತ್ತೆಯ ನೀಲಿ ನಿಲುವಂಗಿ. ಅದು ಇನ್ನೂ ತೇವವಿತ್ತು.

"ತೆಗೀಬೇಡ!"

ಅತ್ತೆ ಹಿಂದೆಯೇ ಬಂದು ನಿಂತಿದ್ದರು.

"ಅಮ್ಮ ಬಟ್ಟೆ ತೆಗೆದಾಗ್ಲೇ ನಂಗೆ ಗೊತ್ತಾಯ್ತು, ನಾವು ವಾಪಸ್ ಬರಲ್ಲ ಅಂತ. ಒದ್ದೇದನ್ನೇ ಮಡಿಸಿ ಗಂಟು ಕಟ್ಟಿದ್ಲು. ಬರೋರು ಯಾರಾದ್ರೂ ಒದ್ದೆ ಬಟ್ಟೆ ಹೊತ್ಕೊಂಡು ಹೋಗ್ತಾರಾ?"

ಅಫಾಫ್‌ಳ ಕೈ ಅಲ್ಲೇ ನಿಂತಿತು. ಅವಳು ನಿಲುವಂಗಿಯನ್ನು ಕೊಡವಿ ಮತ್ತೆ ಹಗ್ಗಕ್ಕೆ ಹಾಕಿ, ಹೆಗಲಿಗೆ ಮರದ ಕ್ಲಿಪ್ಪು ಸಿಕ್ಕಿಸಿದಳು.

"ಹೌದಲ್ವಾ, ಒಣಗೇ ಇಲ್ಲ. ಇರ್ಲಿ ಬಿಡಿ. ಬಂದ್ಮೇಲೆ ನೀವೇ ತೆಗೀರಿ."

ಅತ್ತೆ ಹತ್ತಿರ ಬಂದು ಕ್ಲಿಪ್ಪನ್ನು ಎಳೆದು ನೋಡಿದರು. "ಹೆಗಲಿಗೆ ಹಾಕ್ತಾರಾ? ಗುರುತು ಬೀಳುತ್ತೆ. ಇಷ್ಟು ವರ್ಷವಾದ್ರೂ ಕಲೀಲಿಲ್ಲ ನೀನು." ನಿಲುವಂಗಿಯನ್ನು ತಲೆಕೆಳಗು ಮಾಡಿ, ಅಂಚು ಹಿಡಿದು, ತಾವೇ ಕ್ಲಿಪ್ಪು ಹಾಕಿದರು. ಆಮೇಲೆ ಹೋಗಿ ಚಪ್ಪಲಿ ಮೆಟ್ಟಿದರು. ಅದನ್ನು ನೋಡಿ ರಿದಾ ಫೋನನ್ನು ಜೇಬಿಗಿಟ್ಟ.

ವ್ಯಾನು ಹೊರಡುವಾಗ ವಾಇಲ್‌ನ ತಾಯಿ ಕೂಗಿದಳು. "ಅಫಾಫ್, ಬಟ್ಟೆ ಮರ್ತಿದೀಯಲ್ಲೇ! ಬೀಗದ ಕೈ ಕೊಡು, ನಾನು ತೆಗೆದಿಡ್ತೀನಿ."

"ಬೇಡ. ಯಾರೂ ಮುಟ್ಬೇಡಿ," ಎಂದಳು ಅಫಾಫ್. ಅವಳ ಮುಖ ಕೆಂಪಾಗಿತ್ತು.

ಅತ್ತೆ ಹಿಂದಿನ ಕಿಟಕಿಯ ಪಕ್ಕ, ದಿಂಬು ಅಪ್ಪಿಕೊಂಡು, ಕತ್ತು ಹೊರಳಿಸಿ ನೋಡುತ್ತಲೇ ಇದ್ದರು. ತಿರುವಿನಲ್ಲಿ ಬೀದಿ ಮರೆಯಾಯಿತು. ಸೇತುವೆ ದಾಟಿ ಹೊಲಗಳು ಶುರುವಾದ ಮೇಲೆ ಕೇಳಿದರು: "ತೆಗೆದ್ಬಿಟ್ಟೆಯಾ?"

"ಇಲ್ಲ ಅತ್ತೆ. ಅಲ್ಲೇ ಇದೆ."

ಮತ್ತಷ್ಟು ದೂರ ಹೋದ ಮೇಲೆ ಅದನ್ನೇ ಕೇಳಿದರು. ಅಫಾಫ್ ಅದೇ ಉತ್ತರ ಕೊಟ್ಟು ಅವರ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಮುಷ್ಟಿ ಬಿಗಿಯಾಗಿತ್ತು. ಬೆರಳುಗಳ ಸಂದಿನಿಂದ ಬಾಲ್ಕನಿಯ ಹಗ್ಗದ ಒಂದು ಮರದ ಕ್ಲಿಪ್ಪಿನ ತುದಿ ಕಾಣುತ್ತಿತ್ತು.