ಹಿಟ್ಟಿಗೆ ಉಸಿರಿಲ್ಲ, ಮಗುವಿಗಿದೆ

ಕೈಗೂಸು ಇರುವ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೈ ಕಡಿಮೆಯೇ. ಒಂದು ಕೈ ಮಗುವಿನ ಪಾಲು. ಉಳಿದದ್ದರಲ್ಲಿ ಬಾಗಿಲು ತೆಗೆಯಬೇಕು, ನೀರು ಕುಡಿಯಬೇಕು, ಸಂಸಾರ ನಡೆಸಬೇಕು. ಶಾಲೆಯ ಚೀಲ ಹೊಲಿಯುವ ಮಾವನ ಮನೆಯಲ್ಲೂ ಅದೇ ಪಾಡು. ಮನೆಯ ಮುಂಭಾಗವೇ ಅಂಗಡಿ. ಗಿರಾಕಿ ಬಂದರೆ ಸೊಸೆ ನಾಲ್ಕು ತಿಂಗಳ ಮಗಳನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಮೊಳೆಗೆ ನೇತುಹಾಕಿದ ಚೀಲ ಇಳಿಸಬೇಕು. ಸಂಜೆಯ ಹೊತ್ತಿಗೆ ಅವಳ ಎಡಭುಜ ಬಲಭುಜಕ್ಕಿಂತ ಕೆಳಗಿರುತ್ತಿತ್ತು. ಮಗುವನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ತೂಕ ಮಾತ್ರ ಗುಬ್ಬಿಯದಲ್ಲ.

“ಮಗು ಕಟ್ಟಿಕೊಳ್ಳೋ ಜೋಳಿಗೆ ಒಂದು ತಗೊಳ್ಳೋಣ ಮಾವ,” ಎಂದಳು ಸೊಸೆ.

ಮಾವನಿಗೆ ಚುಚ್ಚಿದಂತಾಯಿತು. “ಚೀಲ ಹೊಲಿಯೋರ ಮನೆಯಿಂದ ಚೀಲ ಕೊಳ್ಳೋಕೆ ಪೇಟೆಗೆ ಹೋಗೋದಾ? ನಾನಿಲ್ವೇನಮ್ಮ?”

“ನೀವಿದ್ದೀರಿ ಅನ್ನೋದೇ ಭಯ,” ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಹೆಂಡತಿಯ ಮಾತು ಕೇಳಿದ ಮೇಲೆ ಹಟ ಇನ್ನೂ ಗಟ್ಟಿಯಾಯಿತು. ಮಾವ ದಪ್ಪನೆಯ ರೆಕ್ಸಿನ್ ಹಾಸಿ, ಅಳೆದು, ಕತ್ತರಿಸಿ, ಜೋಡಿ ಹೊಲಿಗೆ ಹಾಕಿದ. ಎರಡು ಪಟ್ಟಿ, ತಳದಲ್ಲಿ ಕಾಲಿಗೆ ಎರಡು ತೂತು. ಹಾಲಿನ ಬಾಟಲಿಗೆ ಒಂದು ಜೇಬು, ಕರವಸ್ತ್ರಕ್ಕೆ ಒಂದು ಜೇಬು, ಯಾವುದಕ್ಕೆಂದು ಅವನಿಗೂ ತಿಳಿಯದ ಇನ್ನೊಂದು ಜೇಬು. ಆಮೇಲೆ ತನ್ನ ಕಸುಬಿನ ಪರೀಕ್ಷೆ: ಚೀಲದೊಳಗೆ ಹಿಟ್ಟಿನ ಮೂಟೆ ಇಟ್ಟು, ಕೊಕ್ಕೆಗೆ ನೇತುಹಾಕಿ, ಜೋರಾಗಿ ತೂಗಿದ. ಒಂದು ಎಳೆಯೂ ಅಲುಗಲಿಲ್ಲ.

ಗುಬ್ಬಿಯನ್ನು ಅದರೊಳಗೆ ಇಳಿಸಿದರು. ಅವಳು ಇಳಿದಳು, ಇಳಿಯುತ್ತಲೇ ಹೋದಳು.

“ಮಾವ, ಪಟ್ಟಿ ಭುಜ ಕೊಯ್ತಿದೆ.”

“ಅಭ್ಯಾಸ ಆಗುತ್ತಮ್ಮ. ಶಾಲೆ ಮಕ್ಕಳು ಹೊರಲ್ವಾ?”

“ಇವಳ ಕಾಲು ಜೋತಾಡ್ತಿವೆ.”

“ಕಾಲು ಇರೋದೇ ಜೋತಾಡೋಕೆ.”

ಸ್ವಲ್ಪ ಹೊತ್ತು ಅತ್ತ ಗುಬ್ಬಿ ಸುಮ್ಮನಾದಳು. “ನೋಡಿದ್ಯಾ, ಗಪ್‌ಚಿಪ್!” ಎಂದು ಮಾವ ಬೀಗಿದ.

ಅಷ್ಟರಲ್ಲಿ ಚುಚ್ಚುಮದ್ದು ಹಾಕಲು ಮನೆಮನೆಗೆ ಬರುವ ಸಿಸ್ಟರ್ ತಮ್ಮ ಚೀಲದ ಜಿಪ್ ಸರಿಮಾಡಿಸಲು ಬಂದರು. ಮಾತಾಡುತ್ತಲೇ ಮೆಟ್ಟಿಲು ಹತ್ತಿದವರು ಅರ್ಧಕ್ಕೇ ನಿಂತರು.

“ಮಗು ಎಲ್ಲಿ?”

“ಚೀಲದಲ್ಲಿ ಸಿಸ್ಟರ್,” ಎಂದ ಮಾವ, ಹೆಮ್ಮೆಯಿಂದ.

“ಅದು ಕಾಣ್ತಿದೆ. ಮುಖ ಎಲ್ಲಿ?”

ಉತ್ತರಕ್ಕೆ ಕಾಯದೆ ಅವರು ಕೈಹಾಕಿ ಮಗುವನ್ನು ಹೊರಗೆತ್ತಿದರು. ಮಗು ಮುದುಡಿಹೋಗಿತ್ತು, ಗಲ್ಲ ಎದೆಗೆ ಅಂಟಿತ್ತು. ಮುಖ ಕೆಂಪಗೆ, ಬೆವರಿ ತೊಪ್ಪೆ. ಹೊರಗೆ ಬಂದದ್ದೇ ಗುಬ್ಬಿ ಒಂದು ದೊಡ್ಡ ಉಸಿರು ಎಳೆದುಕೊಂಡಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಅತ್ತಳು. ಸೊಸೆ ಸಮಾಧಾನ ಮಾಡಲು ಕೈಚಾಚಿದಳು.

“ಅಳಲಿ ಬಿಡಮ್ಮ, ಈಗ ಅತ್ರೇನೇ ಒಳ್ಳೇದು,” ಎಂದರು ಸಿಸ್ಟರ್. “ಇಷ್ಟು ಚಿಕ್ಕ ಮಕ್ಕಳ ಗಲ್ಲ ಎದೆಗೆ ಒತ್ತಿದ್ರೆ ಉಸಿರಿನ ದಾರಿ ಮಡಚಿಹೋಗುತ್ತೆ. ಮೂಗಿಗೆ ಬಟ್ಟೆ ಅಡ್ಡ ಬಂದ್ರೂ ಅಷ್ಟೆ. ಕೂಗೋಕೂ ಆಗಲ್ಲ. ನಾವು ನಿದ್ದೆ ಅಂದ್ಕೊಂಡು ಸುಮ್ಮನಿರ್ತೀವಿ.”

ಮಾವ ಬಗ್ಗಿ ಮಗುವಿನ ಮುಖ ನೋಡಿದ. ನಾಲಿಗೆ ಮಾತ್ರ ಸೋಲಲಿಲ್ಲ. “ಹಿಟ್ಟಿನ ಮೂಟೆ ಹಾಕಿ ತೂಗಿ ನೋಡಿದೀನಿ ಸಿಸ್ಟರ್. ಒಂದು ಹೊಲಿಗೆ ಬಿಟ್ಟಿಲ್ಲ.”

“ಹಿಟ್ಟು ಉಸಿರಾಡುತ್ತಾ ಯಜಮಾನ್ರೆ?”

ಹರಿಯುತ್ತದೆಯೇ, ಇಲ್ಲವೇ: ಚೀಲದ ಬಗ್ಗೆ ಮಾವ ಇಷ್ಟು ವರ್ಷ ಕೇಳಿಕೊಂಡದ್ದು ಇದೊಂದೇ ಪ್ರಶ್ನೆ. ಪುಸ್ತಕವಾಗಲಿ ಆಲೂಗಡ್ಡೆಯಾಗಲಿ ಬೇರೆ ದೂರು ಹೇಳಿದ್ದಿಲ್ಲ.

“ನಮ್ಮಮ್ಮ ನನ್ನನ್ನ ಸೊಂಟದ ಮೇಲೆ ಹೊತ್ತೇ ಸಾಕಿದ್ಲು. ಅವಳಿಗೆ ಯಾರು ಪಾಠ ಹೇಳಿದ್ರು?”

“ಸರಿಯಾಗೇ ಹೊತ್ತಿದ್ದಾರೆ. ಆಗ ನಿಮ್ಮ ಕಾಲು ಎಲ್ಲಿರ್ತಿತ್ತು?”

“ಒಂದು ಈ ಕಡೆ, ಒಂದು ಆ ಕಡೆ.”

“ಮಂಡಿ?”

ಮಾವ ಸ್ಟೂಲಿನ ಮೇಲೆ ಕೂತೇ ಕಾಲು ಅಗಲಿಸಿ, ಮಂಡಿ ಎತ್ತಿ ನೋಡಿಕೊಂಡ. “ಮೇಲೆ.”

“ಕಪ್ಪೆ ಕೂತ ಹಾಗೆ. ಅದೇ ಬೇಕಾದ್ದು. ಈ ಮಂಡಿಯಿಂದ ಆ ಮಂಡಿವರೆಗೆ ತೊಡೆ ಕೆಳಗೆ ಬಟ್ಟೆ ಆಸರೆ ಇರಬೇಕು, ಮಂಡಿ ಅಂಡಿಗಿಂತ ಮೇಲಿರಬೇಕು. ಕಾಲು ನೇರ ಜೋತುಬಿದ್ರೆ ಬೆಳೆಯೋ ಸೊಂಟದ ಕೀಲಿಗೆ ಒಳ್ಳೇದಲ್ಲ. ನಿಮ್ಮನ್ನ ಯಾರಾದ್ರೂ ಪ್ಯಾಂಟಿನ ಕವಲು ಹಿಡಿದು ದಿನವಿಡೀ ನೇತುಹಾಕಿದ್ರೆ ಹೇಗಿರುತ್ತೆ?”

“ಹಾಕಿ ನೋಡೋಣ ಸಿಸ್ಟರ್, ಕೊಕ್ಕೆ ಖಾಲಿ ಇದೆ,” ಎಂದಳು ಅತ್ತೆ.

“ಹಾಗಾದ್ರೆ ಅಗಲವಾಗಿ ಇನ್ನೊಂದು ಹೊಲಿತೀನಿ,” ಎಂದ ಮಾವ.

“ನಿಮ್ಮ ಹೊಲಿಗೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ಮಕ್ಕಳಿಗೆ ಅಂತಲೇ ಪರೀಕ್ಷೆ ಮಾಡಿದ್ದು ತಗೊಳ್ಳಿ. ಮಗೂನ ಕರ್ಕೊಂಡು ಹೋಗಿ, ಕಟ್ಟಿ ನೋಡಿ, ಆಮೇಲೆ ಕೊಳ್ಳಿ.”

ಅಂದು ಸಂಜೆ ಮಾವ ತಾನೇ ಕತ್ತರಿ ಹಿಡಿದು ಚೀಲ ಬಿಚ್ಚಿದ. ಗಟ್ಟಿ ಹೊಲಿಗೆ. ಬಿಚ್ಚುವುದಕ್ಕೂ ಹೊಲಿದಷ್ಟೇ ಹೊತ್ತು ಹಿಡಿಯಿತು.

ಮರುದಿನ ಪೇಟೆಯ ಅಂಗಡಿಯಲ್ಲಿ ಅವನು ಪ್ರತಿಯೊಂದು ಪಟ್ಟಿಯನ್ನೂ ಎಳೆದೆಳೆದು ನೋಡಿದ. “ಸ್ವಾಮಿ, ಕೊಂಡು ಹರೀತೀರೋ, ಹರಿದು ಕೊಳ್ತೀರೋ?” ಎಂದ ಅಂಗಡಿಯವನು. ಮೊದಲು ತೋರಿಸಿದ್ದಕ್ಕೆ ಕರಡಿಯ ಕಿವಿ, ಮೆತ್ತನೆ ತುಪ್ಪಳ. ತಳ ಮಾತ್ರ ಅಂಗೈಯಗಲ.

“ಇದು ನನ್ನ ಚೀಲಾನೇ. ಕಿವಿ ಬಂದಿದೆ ಅಷ್ಟೆ,” ಎಂದ ಮಾವ.

ಎರಡನೆಯದು ಒಂದೇ ಭುಜಕ್ಕೆ ಇಳಿಬಿಡುವ ಆಳವಾದ ಜೋಳಿಗೆ. “ಇದರಲ್ಲಿ ಮಗೂನ ಹುಡುಕಬೇಕಾಗುತ್ತೆ,” ಎಂದು ಸೊಸೆ ಪಕ್ಕಕ್ಕಿಟ್ಟಳು. ಮೂರನೆಯದು ಸಾದಾ ಹತ್ತಿಯದು. ಅಗಲವಾದ ಕೂರುಜಾಗ, ಕತ್ತಿಗೆ ಆಸರೆ, ದಪ್ಪ ಭುಜಪಟ್ಟಿ, ಸೊಂಟಕ್ಕೆ ಬೆಲ್ಟು. ಎಷ್ಟು ತೂಕದ ಮಗುವಿಗೆ ಎಂದು ಚೀಟಿಯಲ್ಲೇ ಅಚ್ಚಾಗಿತ್ತು. ಸೊಸೆ ಬೆಲ್ಟು ಬಿಗಿದು, ಗುಬ್ಬಿಯನ್ನು ತನ್ನತ್ತ ಮುಖಮಾಡಿ ಕೂರಿಸಿ, ಪಟ್ಟಿ ಎಳೆದಳು. ಭಾರ ಭುಜದಿಂದ ಸೊಂಟಕ್ಕೆ ಜಾರಿತು. ಮುಖ ಪೂರ್ತಿ ಕಾಣುತ್ತಿತ್ತು. ಗಲ್ಲದ ಕೆಳಗೆ ಎರಡು ಬೆರಳು ಸಲೀಸಾಗಿ ಹೋದವು. ಸೊಸೆ ಎರಡೂ ಕೈಗಳನ್ನು ಮುಂದೆ ಚಾಚಿ, ಯಾರೋ ಹೊಸದಾಗಿ ಕೊಟ್ಟರೆನ್ನುವಂತೆ ನೋಡಿಕೊಂಡಳು.

“ಎಲ್ಲಿ, ನನಗೂ ಕಟ್ಟು,” ಎಂದ ಮಾವ.

ಮನೆಯವರೆಗೂ ಅವನೇ ಹೊತ್ತ. ಹತ್ತು ಹೆಜ್ಜೆಗೊಮ್ಮೆ ನಿಂತು ಬಗ್ಗಿ ಮುಖ ನೋಡುತ್ತಿದ್ದ. ಬೀದಿಯ ತಿರುವಿನಲ್ಲಿ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ಕೇಳಿದ: “ಭಲೇ! ನೀವೇ ಹೊಲಿದದ್ದಾ?”

ಮಾವ ಹೌದೆಂದರೂ ನಡೆಯುತ್ತಿತ್ತು. ಎದೆಯ ಮೇಲೆ ಗುಬ್ಬಿ ಬೆಚ್ಚಗೆ ಉಸಿರಾಡುತ್ತಿದ್ದಳು.

“ಇಲ್ಲಪ್ಪ, ಕೊಂಡದ್ದು. ನಾನು ಹೊಲಿದದ್ದು ಮಗೂಗೆ ಆಗಲಿಲ್ಲ. ನಿನ್ನ ಪುಟ್ಟ ಮಗಳಿಗೂ ಕೊಳ್ಳೋದಾದ್ರೆ ಹೇಳು, ನಾನೇ ಬಂದು ನೋಡಿಕೊಡ್ತೀನಿ.”

ಅಕ್ಕಂದಿರೇ, ಅಣ್ಣಂದಿರೇ, ಅಜ್ಜ ಅಜ್ಜಿಯರೇ, ಮಗುವಿನ ಚೀಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಬೆನ್ನಿಗೆ, ಕತ್ತಿಗೆ, ತೊಡೆಗೆ ಆಸರೆ ಇದೆಯೇ ನೋಡಿ. ಹೊರುವವರ ಮೈಗೂ ಹಿತವಾಗಿರಲಿ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ, ನೆಗಡಿಯಾಗಿರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಒಲೆಯ ಮುಂದೆ ಮಗುವನ್ನು ಕಟ್ಟಿಕೊಂಡು ನಿಲ್ಲಬೇಡಿ, ಗಾಡಿ ಓಡಿಸಬೇಡಿ. ಕಟ್ಟಿಕೊಂಡ ಮೇಲೆ ಒಮ್ಮೆ ತಲೆ ಬಗ್ಗಿಸಿ: ತುಟಿಗೆ ಮಗುವಿನ ನೆತ್ತಿ ಸಿಕ್ಕಿತೇ? ಸಿಗದಿದ್ದರೆ ಮಗುವನ್ನು ಮೇಲೆತ್ತಿ ಪಟ್ಟಿ ಬಿಗಿಮಾಡಿ. ಸಿಕ್ಕಿದರೆ ಮುತ್ತೊಂದು ಕೊಟ್ಟು ಕೆಲಸಕ್ಕೆ ಹೊರಡಿ.