ಕಳ್ಳಕುಬಸದ ಖಣ

ದೀಪ್ತಿಗೆ ಮೂರು ತಿಂಗಳು ತುಂಬಿತ್ತು. ಚೊಚ್ಚಲ ಬಸುರಿಗೆ ಮನೆಮಂದಿಯಷ್ಟೇ ಸೇರಿ ಹಸಿರು ಕುಬಸ ತೊಡಿಸುವ ಕಳ್ಳಕುಬಸದ ಮಾತನ್ನು ಅತ್ತೆ ಯಮುನಾಬಾಯಿ ಇನ್ನೂ ಎತ್ತಿರಲಿಲ್ಲ. ಇದು ಚೊಚ್ಚಲಲ್ಲ ಅಂತ ಅವರಿಗೆ ಗೊತ್ತಾಗಿದೆಯೇ? ಎರಡು ವರ್ಷದ ಹಿಂದೆ, ಹೊಸ ನೌಕರಿ ಕೈತಪ್ಪೀತೆಂದು ಗಂಡಹೆಂಡತಿ ಇಬ್ಬರೇ ಹೋಗಿ ಗರ್ಭ ತೆಗೆಸಿಕೊಂಡು ಬಂದಿದ್ದರು. ಮನೆಯಲ್ಲಿ ಜ್ವರ ಅಂದಿದ್ದರು.

"ಅತ್ತಿಯವರ ಮುಂದ ಬಾಯಿ ಬಿಟ್ಟೀರೇನು?" ಎಂದು ಗಂಡ ಮಿಲಿಂದನನ್ನು ಕೇಳಿದಳು.

"ನಿನಗ ಎಲ್ಲಾರ ಮ್ಯಾಲೂ ಸಂಶಯ," ಎಂದು ಅವನು ನಕ್ಕ. ಆ ನಗುವೂ ಅವಳಿಗೆ ಸರಿಕಾಣಲಿಲ್ಲ. ಅತ್ತೆ ಅನ್ನಕ್ಕೆ ತುಪ್ಪ ಹಾಕಿದರೂ, ಭಾರ ಎತ್ತಬೇಡ ಅಂದರೂ, ಕೆಣಕಿದಂತೆಯೇ ಕೇಳುತ್ತಿತ್ತು.

ಶುಕ್ರವಾರ ಅತ್ತೆ ಅವಳನ್ನು ಕರೆದು ಉಡಿಗೆ ಕುಬಸ ಹೊಲಿಸುವ ಎರಡು ಹಸಿರು ಖಣ ಹಾಕಿದರು. ಒಂದು ಹೊಸದು. ಇನ್ನೊಂದರ ಮಡಿಕೆ ಮಾಸಿತ್ತು, ನುಸಿಗುಳಿಗೆಯ ವಾಸನೆ ಬರುತ್ತಿತ್ತು.

"ಎರಡ್ಯಾಕ್ರಿ?"

"ಈ ಹಳೇದು ಎರಡು ವರ್ಷದ ಹಿಂದ ಕೋಠಿ ಪ್ಯಾಟಿಯಿಂದ ತಂದಿದ್ದು. ಮುಂಜಾನೆ ನೀ ವಾಂತಿ ಮಾಡ್ಕೊಳ್ಳೂದು ಕೇಳಿಸಿತ್ತು. ನೀನಾಗೇ ಹೇಳ್ತಿ ಅಂತ ದಾರಿ ಕಾಯ್ದೆ. ಆಮ್ಯಾಲೆ ನಿನಗ ಜ್ವರ ಬಂತು."

ಆ ಮಾತಿನಲ್ಲಿ ಮುಳ್ಳಿದೆಯೇ ಎಂದು ದೀಪ್ತಿ ಅತ್ತೆಯ ಮುಖ ನೋಡಿದಳು. ಅವರ ಕಣ್ಣು ತುಂಬಿತ್ತು.

"ಈ ಸಲ ಬಸುರಾದದ್ದನ್ನರ ಹೇಳಿದೆಲ್ಲ, ಸಾಕು. ಮೊದಲ ಯಾವುದನ್ನ ಹೊಲಿಸಲಿ?"

ದೀಪ್ತಿ ಮಾಸಿದ ಖಣವನ್ನು ಮುಂದೆ ಸರಿಸಿದಳು.